ಬನಕ್ಕೆ ಬೇಲಿಯೊಂದೇ ಸಾಲದು

ಮೂಡಿಗೆರೆ, ಕಳಸದ ಕಾಫಿ ತೋಟಗಳ ನಡುವೆ ಅಲ್ಲಲ್ಲಿ ಉಳಿದಿರುವ ಚೌಡಿಬನ, ನಾಗಬನ, ಭೂತನ ಬನಗಳು ವಿಸ್ತೀರ್ಣದಲ್ಲಿ ಚಿಕ್ಕವು. ಆದರೂ ಸುತ್ತಲಿನ ಕಾಡು ತೋಟವಾದ ಮೇಲೆ ಸಾಲುಧೂಪ, ಹೆಬ್ಬಲಸು, ರಾಮಪತ್ರೆಯಂತಹ ಮರಗಳ ಬೀಜಕ್ಕೆ ಇಂತಹ ತಾಣಗಳೇ ಕಣಜ. ಹಿಂದಿನವರು ದೈವದ ಭಯದಿಂದ ಅಲ್ಲಿ ಕೊಡಲಿ ಎತ್ತಲಿಲ್ಲ. ಆ ಭಯ ಸಡಿಲಗೊಂಡ ಇಂದಿನ ದಿನಗಳಲ್ಲಿ ಬನಗಳಿಗೆ ಎರಡು ಕಡೆಯಿಂದ ಕುತ್ತು ಒದಗಿದೆ.

ಮೊದಲನೆಯದು ಅತಿಯಾದ ಶ್ರದ್ಧೆ. ಜೀರ್ಣೋದ್ಧಾರದ ಹೆಸರಿನಲ್ಲಿ ಮರ ತೆಗೆದು ಕಾಂಕ್ರೀಟ್ ಕಟ್ಟೆ ಕಟ್ಟಿದಲ್ಲಿ ದೇವರು ಉಳಿದರೂ ಬನ ಉಳಿಯುವುದಿಲ್ಲ. ಎರಡನೆಯದು ಉದಾಸೀನ. ಬೇಲಿ ಹಾಕಿ ಸುಮ್ಮನಿದ್ದರೆ ಕಾಡು ತಾನಾಗಿ ಬೆಳೆಯುತ್ತದೆಂಬ ಮಾತು ದೊಡ್ಡ ಅರಣ್ಯಕ್ಕೆ ಸಲ್ಲಬಹುದು. ಸಣ್ಣ ಬನಕ್ಕೆ ಸಲ್ಲದು. ಅಲ್ಲಿ ಅಂಚು ಹೆಚ್ಚು, ಒಡಲು ಕಡಿಮೆ. ಅಂಚಿನಿಂದ ಬಿಸಿಲು ನುಗ್ಗುತ್ತದೆ. ಬಿಸಿಲಿನ ಹಿಂದೆಯೇ ಲಂಟಾನ, ಯುಪಟೋರಿಯಂ ನುಗ್ಗಿ ಮರಿಗಿಡಗಳ ಉಸಿರುಗಟ್ಟಿಸುತ್ತವೆ. ಮೇಲೆ ಮುದಿಮರಗಳಿದ್ದು ಕೆಳಗೆ ಸಸಿಗಳಿಲ್ಲದ ಬನ, ಮಕ್ಕಳೆಲ್ಲ ಪೇಟೆ ಸೇರಿ ವೃದ್ಧರಷ್ಟೇ ಉಳಿದ ಮನೆಯಂತೆ.

ಆದ್ದರಿಂದ ಬನಕ್ಕೆ ಆರೈಕೆ ಬೇಕು. ಕಳೆಯನ್ನು ಕಾಯಿ ಕಟ್ಟುವ ಮೊದಲೇ ಬೇರುಸಹಿತ ಕೀಳಬೇಕು. ಆದರೆ ಒಮ್ಮೆಲೇ ಬೋಳಿಸದೆ ವರ್ಷಕ್ಕೊಂದಿಷ್ಟು ಜಾಗದಂತೆ ತೆಗೆಯಬೇಕು. ಬೋಳಿಸಿದ ನೆಲದ ಮಣ್ಣು ಮಲೆನಾಡಿನ ಮಳೆಗೆ ಹಳ್ಳ ಸೇರುತ್ತದೆ. ತೆರವಾದ ಜಾಗಕ್ಕೆ ಆ ಬನದ ಬೀಜದ್ದೇ ಸಸಿ ಬರಬೇಕು, ಅಕೇಶಿಯಾ ಅಲ್ಲ. ಸಾಲುಧೂಪ, ರಾಮಪತ್ರೆಯ ಬೀಜಗಳು ಒಣಗಿದರೆ ಮೊಳೆಯವು. ಬಿದ್ದ ಕೆಲವೇ ದಿನಗಳಲ್ಲಿ ನೆರಳಿನ ಪಾತಿಗೆ ಹಾಕಬೇಕು. ತರಗೆಲೆಯನ್ನು ಗುಡಿಸಬಾರದು. ಪೊಟರೆ ಬಿದ್ದ ಮುದಿಮರವನ್ನು ಸೌದೆಗೆ ಉರುಳಿಸಬಾರದು. ಮಂಗಟ್ಟೆ ಹಕ್ಕಿಗೆ ತಾನೇ ಪೊಟರೆ ಕೊರೆಯಲು ಬಾರದು. ಮರದಲ್ಲಿ ಆಗಲೇ ಆಗಿರುವ ಪೊಟರೆಯಲ್ಲಿಯೇ ಅದು ಮರಿಮಾಡುತ್ತದೆ. ರಾಮಪತ್ರೆಯ ಬೀಜ ದೂರ ಸಾಗುವುದು ಬಹುಮಟ್ಟಿಗೆ ಆ ಹಕ್ಕಿಯಿಂದಲೇ. ಪೊಟರೆ ಹೋದರೆ ಹಕ್ಕಿ ಹೋಗುತ್ತದೆ. ಹಕ್ಕಿ ಹೋದರೆ ಮರದ ಸಂತತಿ ಬನದಾಚೆ ದಾಟುವುದಿಲ್ಲ.

ಬನದಿಂದ ಬನಕ್ಕೆ ಹಕ್ಕಿ ಹಾಯಬೇಕಾದರೆ ನಡುವಿನ ತೋಟವೂ ಸಹಕರಿಸಬೇಕು. ಬೆಳೆಗಾರರು ಸಿಲ್ವರ್ ಓಕ್ ನೆಡುವುದಕ್ಕೆ ಕಾರಣವಿದೆ: ಮೆಣಸಿನ ಬಳ್ಳಿಗೆ ಆಸರೆ, ಬೇಗ ಕೈಗೆ ಬರುವ ಹಣ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕಡಿಯಲು ಅನುಮತಿಯೂ ಬೇಕಿಲ್ಲ. ಬಹುತೇಕ ಕಾಡುಮರಗಳಿಗೆ ಬೇಕು. ಮರ ಉಳಿಸಲು ಬಂದ ಕಾನೂನೇ ಕಾಡುಮರ ಬೆಳೆಸುವವನನ್ನು ಹಿಂಜರಿಯುವಂತೆ ಮಾಡಿರುವುದು ವಿಪರ್ಯಾಸ. ಇದು ಸರಿಯಾಗಬೇಕು. ಅದಕ್ಕೆ ಕಾಯದೆ ಹಳ್ಳದ ದಂಡೆಯಲ್ಲಿ, ಗಡಿಸಾಲಿನಲ್ಲಿ ನಾಲ್ಕು ಅತ್ತಿ, ಬಸರಿ, ಗೋಣಿ ಮರಗಳನ್ನು ಉಳಿಸಿಕೊಳ್ಳುವುದು ಯಾವ ಬೆಳೆಗಾರನಿಗೂ ಹೊರೆಯಾಗದು.

2002ರ ಜೀವವೈವಿಧ್ಯ ಕಾಯ್ದೆ ಗ್ರಾಮ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ದಾಖಲಾತಿ ಪುಸ್ತಕವನ್ನೂ ಕೊಟ್ಟಿದೆ. ಜಿಲ್ಲೆಯ ಹೊಗರೆಕಾನು 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಿಂದ. ಊರಿನ ಬನಕ್ಕೆ ಅಷ್ಟು ದೊಡ್ಡ ಘೋಷಣೆ ಬೇಕಿಲ್ಲ. ವಿದ್ಯಾರ್ಥಿಗಳು ಹಿರಿಯರೊಡನೆ ಒಂದು ದಿನ ಬನ ಸುತ್ತಿ, ಅವರು ಹೇಳುವ ಮರಗಳ ಹೆಸರು ಬರೆದುಕೊಂಡು, ಯಾವ ಮರದ ಕೆಳಗೆ ಸಸಿಯಿದೆ, ಯಾವುದರ ಕೆಳಗಿಲ್ಲ ಎಂದು ಗುರುತಿಸಲಿ. ಆ ಪಟ್ಟಿ ಪಂಚಾಯಿತಿಯ ಪುಸ್ತಕ ಸೇರಲಿ. ಆ ಹೆಸರುಗಳನ್ನು ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.