ಟೂಲ್ ಸವೆದದ್ದು ಕಿವಿಗೆ ಗೊತ್ತು

ಮುರಗೋಡದ ನಮ್ಮ ಹೊಲದಲ್ಲಿ ಜೋಳ ಕೊಯ್ಯುವಾಗ ಕುಡುಗೋಲು ಮೊಂಡಾದದ್ದನ್ನು ಅವ್ವನಿಗೆ ಯಾರೂ ಹೇಳಬೇಕಿಲ್ಲ. ಕೈಗೆ ಭಾರ ಬಿದ್ದ ಕೂಡಲೇ ತಿಳಿಯುತ್ತದೆ. ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪ್ ಒಂದಕ್ಕೆ ಇಂಟರ್ನ್‌ಶಿಪ್‌ಗೆ ಹೋದಾಗ ಅದೇ ಜಾಣ್ಮೆ ಸಿಎನ್‌ಸಿ ಲೇಥ್ ಮುಂದೆ ಕಂಡಿತು. ನಾನು ಪರದೆಯ ಅಂಕಿ ನೋಡುತ್ತ ನಿಂತಿದ್ದೆ. ಹಿರಿಯ ಆಪರೇಟರ್ ಕಾಕಾ, "ಟೂಲ್ ಅಳಾಕತ್ತೈತಿ, ಕೇಳಸವಲ್ದೇನ್ ತಮ್ಮಾ?" ಎಂದು ಮಷಿನ್ ನಿಲ್ಲಿಸಿದರು. ತೆಗೆದು ನೋಡಿದರೆ ಇನ್ಸರ್ಟ್‌ನ ಅಂಚು ಸವೆದಿತ್ತು.

ಇದು ಸಣ್ಣ ಮಾತಲ್ಲ. ಕಾರ್ಬೈಡ್ ಇನ್ಸರ್ಟ್‌ನ ಪಕ್ಕ ಸುಮಾರು 0.3 ಮಿಲಿಮೀಟರ್ ಸವೆದರೆ ಅದರ ಆಯುಷ್ಯ ಮುಗಿಯಿತೆಂದು ಸಾಮಾನ್ಯ ಲೆಕ್ಕ. ಆಮೇಲೂ ಓಡಿಸಿದರೆ ಅಳತೆ ತಪ್ಪಿ, ಹೈಡ್ರಾಲಿಕ್ ವಾಲ್ವ್‌ನಂಥ ಭಾಗ ಗುಜರಿ ಸೇರುತ್ತದೆ. ಮೊದಲೇ ಬದಲಿಸಿದರೆ ಒಳ್ಳೆಯ ಇನ್ಸರ್ಟ್ ಹಾಳು. ಕತ್ತರಿಸುವ ವೇಗಕ್ಕೂ ಟೂಲ್‌ನ ಆಯುಷ್ಯಕ್ಕೂ ಇರುವ ನಂಟನ್ನು ಎಫ್. ಡಬ್ಲ್ಯೂ. ಟೇಲರ್ 1907ರ ಹೊತ್ತಿಗೇ ಸೂತ್ರವಾಗಿ ಕೊಟ್ಟಿದ್ದರು. ಆದರೆ ಫೌಂಡ್ರಿಯಿಂದ ಬಂದ ಎರಕಕ್ಕೆ ಮರಳು ಅಂಟಿದ್ದರೆ ಆ ಲೆಕ್ಕ ಕೈಕೊಡುತ್ತದೆ.

ಇಲ್ಲಿ ಮಷಿನ್ ಲರ್ನಿಂಗ್ ನೆರವಾಗಬಲ್ಲದು. ಸ್ಪಿಂಡಲ್ ಮೋಟಾರು ಎಳೆಯುವ ಕರೆಂಟ್, ಟೂಲ್‌ನ ಕಂಪನ, ಸದ್ದು ಇವನ್ನು ಸೆನ್ಸರ್‌ಗಳಿಂದ ಹಿಡಿದು, ಹೊಸ ಟೂಲ್ ಯಾವುದು, ಸವೆದದ್ದು ಯಾವುದು ಎಂದು ಕಂಪ್ಯೂಟರಿಗೆ ಕಲಿಸಬಹುದು. ಮೋಟಾರಿನ ತಂತಿಯ ಸುತ್ತ ಹಾಕುವ ಕರೆಂಟ್ ಸೆನ್ಸರ್‌ಗಾಗಿ ಮಷಿನ್ ಬಿಚ್ಚಬೇಕಿಲ್ಲ. ಸಣ್ಣ ವರ್ಕ್‌ಶಾಪಿಗೂ ಅದು ಎಟುಕುತ್ತದೆ.

ಆದರೆ ನಾವು ವಿದ್ಯಾರ್ಥಿಗಳು ಮಾಡುವುದೇನು? ನಾಸಾ ಒದಗಿಸಿರುವ ಮಿಲ್ಲಿಂಗ್ ದತ್ತಾಂಶವನ್ನು ಡೌನ್‌ಲೋಡ್ ಮಾಡಿ, ಗ್ರಾಫ್ ತೋರಿಸಿ ಅಂಕ ಪಡೆಯುತ್ತೇವೆ. ನಾನೂ ಹಾಗೆ ಮಾಡಿದವನೇ. ಬೇರೆ ಮಷಿನ್, ಬೇರೆ ಟೂಲ್‌ನಿಂದ ಕಲಿತ ಮಾದರಿ ಉದ್ಯಮಬಾಗದ ಲೇಥ್ ಮುಂದೆ ಎಡವುವುದು ಸಹಜ. ನಮ್ಮ ಮಷಿನ್‌ಗೆ 'ಇದು ಸವೆದ ಟೂಲ್' ಎಂದು ಹೇಳಿಕೊಡಬಲ್ಲವರು ಕಾಕಾನಂಥವರೇ. ಟೂಲ್ ಯಾವಾಗ ಬದಲಿಸಿದರು, ಯಾಕೆ, ಎರಕ ಹೇಗಿತ್ತು ಎಂಬುದು ಎಲ್ಲೂ ಬರೆದಿಲ್ಲ. ಅವರು ನಿವೃತ್ತರಾದರೆ ಆ ವಿದ್ಯೆಯೂ ಅವರೊಂದಿಗೇ ಹೋಗುತ್ತದೆ.

ಇದನ್ನು ಹೇಳಿದಾಗ ಕಾಕಾ ಕೇಳಿದರು: "ಎಲ್ಲಾ ಹೇಳಿಕೊಟ್ಟ ಮ್ಯಾಲ ನನ್ನ ಕೆಲಸ ಉಳೀತೈತೇನು?" ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇಷ್ಟು ಹೇಳಬಲ್ಲೆ: ಸೆನ್ಸರ್ ಇರಬೇಕಾದದ್ದು ಕಾಕಾನನ್ನು ಕರೆಯಲು, ಕಳಿಸಲು ಅಲ್ಲ. ಅವರ ಅನುಭವದಿಂದ ಮಾಲೀಕರಿಗೆ ಉಳಿತಾಯವಾದರೆ ಅದರ ಪಾಲು ಅವರ ಸಂಬಳದಲ್ಲೂ ಕಾಣಬೇಕು. ಈ ಮಾತು ಸೆನ್ಸರ್ ಹಚ್ಚುವ ಮೊದಲೇ ಆಗಬೇಕು.

ನನ್ನ ಮುಂದಿನ ಪ್ರಾಜೆಕ್ಟ್ ಲ್ಯಾಪ್‌ಟಾಪಿನಿಂದ ಶುರುವಾಗುವುದಿಲ್ಲ. ಒಂದು ನೋಟ್‌ಬುಕ್ ಹಿಡಿದು ಕಾಕಾನ ಪಕ್ಕ ನಿಲ್ಲುತ್ತೇನೆ. ಮೊದಲು ನನ್ನ ಕಿವಿ ಕಲಿಯಲಿ.