ಸಿಗಲಿಲ್ಲ ಎಂದರೆ ಏನು ಸಿಗಲಿಲ್ಲ?

ಜಮೀನಿನ ಪಹಣಿ ಹುಡುಕುವಾಗ ಪರದೆಯ ಮೇಲೆ ‘ದಾಖಲೆ ಲಭ್ಯವಿಲ್ಲ’ ಎಂದು ಬಂದರೆ ಅದಕ್ಕೆ ಮೂರು ಕಾರಣಗಳಿರಬಹುದು. ಸರ್ವರ್ ಕೈಕೊಟ್ಟಿರಬಹುದು, ಕೇಳಿದ ಸರ್ವೆ ನಂಬರು ದಾಖಲೆಯಲ್ಲಿರುವ ನಂಬರಿಗೆ ಹೊಂದದಿರಬಹುದು, ಇಲ್ಲವೇ ದಾಖಲೆಯೇ ಇರಲಿಕ್ಕಿಲ್ಲ. ಮೊದಲನೆಯದಾದರೆ ಸಂಜೆ ಇನ್ನೊಮ್ಮೆ ನೋಡಿದರಾಯಿತು, ಎರಡನೆಯದಾದರೆ ತಿದ್ದಿ ಕೇಳಿದರಾಯಿತು. ಮೂರನೆಯದಕ್ಕೆ ಮಾತ್ರ ಬೀದರ್ ಜಿಲ್ಲೆಯ ಭಾತಂಬ್ರಾದ ರೈತ ದಿನದ ಕೆಲಸ ಬಿಟ್ಟು ಭಾಲ್ಕಿಯ ತಹಶೀಲ್ದಾರ್ ಕಚೇರಿಗೆ ಹೋಗಬೇಕು. ಮೂರಕ್ಕೂ ಒಂದೇ ವಾಕ್ಯ ಬಂದರೆ ಆತ ಮೂರಕ್ಕೂ ಬಸ್ ಹತ್ತುತ್ತಾನೆ. ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಕರ್ನಾಟಕದ ‘ಭೂಮಿ’ ಯೋಜನೆ ದೇಶಕ್ಕೇ ಮಾದರಿಯಾಯಿತು. ಆ ಸಾಧನೆ ಪೂರ್ಣವಾಗಬೇಕಾದರೆ ದಾಖಲೆ ಸಿಗದಾಗ ಬರುವ ಮಾತೂ ಸೇವೆಯೆಂದೇ ಎಣಿಕೆಯಾಗಬೇಕು.

ಬೀದರ್ ಜಿಲ್ಲೆಗೆ ಇಂಥ ಬಿಡಿಸಿ ಹೇಳುವ ಮಾತಿನ ಅಗತ್ಯ ಇನ್ನೂ ಹೆಚ್ಚು. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಔರಾದ್, ಭಾಲ್ಕಿ ಕಡೆ ಎಷ್ಟೋ ಮನೆಗಳ ಮಾತು ಮರಾಠಿ. ಲಿಪಿಯಿಂದ ಲಿಪಿಗೆ ದಾಟುವಾಗ ಹೆಸರು ಬದಲಾಗುತ್ತದೆ: ಮಾಣಿಕರಾವ, ಮಾಣಿಕರಾವ್, ಮಾಣಿಕ್ ರಾವ್. ಊರಿನವರಿಗೆ ಒಬ್ಬನೇ ಮನುಷ್ಯ, ಯಂತ್ರಕ್ಕೆ ಮೂವರು. ಪಹಣಿಯಲ್ಲಿ ಕನ್ನಡದ ಹೆಸರು, ಆಧಾರ್‌ನಲ್ಲಿ ಇಂಗ್ಲಿಷಿನದೂ ಸೇರಿದರೆ ಹೊಂದಿಕೆ ಮತ್ತಷ್ಟು ಕಷ್ಟ. ಪೋಡಿಯಾಗಿ, ಅಂದರೆ ಜಮೀನು ಪಾಲಾಗಿ, ಹಿಸ್ಸಾ ಒಡೆದಿದ್ದರಂತೂ ಕೈಯಲ್ಲಿರುವ ಹಳೆಯ ಕಾಗದದ ನಂಬರು ಈಗಿನ ಪಟ್ಟಿಯಲ್ಲಿ ಇರದೇ ಹೋಗಬಹುದು. ಅಲ್ಲಿ ರೈತನ ತಪ್ಪೇನಿದೆ? ತಪ್ಪನ್ನು ಹೇಗೆ ತಿಳಿಸಬಹುದು ಎಂಬುದಕ್ಕೆ ಮಾದರಿ ಇದೆ: ದತ್ತಾಂಶವನ್ನು ಕಾಯ್ದಿಡುವ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶ ದೋಷವನ್ನು ಸಂದೇಶ, ವಿವರ, ಸುಳಿವು ಎಂದು ಬಿಡಿಸಿ ಹೇಳಬಲ್ಲದು. 2016ರಲ್ಲಿ ಬಂದ ಅದರ 9.5ನೇ ಆವೃತ್ತಿಯಿಂದ, ಪ್ರೋಗ್ರಾಮರ್ ಕಾಲಮ್ಮಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ‘ಇದನ್ನು ಕೇಳಿದಿರಾ?’ ಎಂದು ಹತ್ತಿರದ ಹೆಸರನ್ನು ಮುಂದಿಡುತ್ತದೆ. ಪ್ರೋಗ್ರಾಮರ್‌ಗೆ ಸಿಗುವ ಈ ಆಸರೆ ರೈತನಿಗೂ ಸಿಗಬೇಕು.

ಹೆಚ್ಚು ಹೇಳಿದರೆ ಕಳ್ಳರಿಗೆ ದಾರಿ ತೋರಿಸಿದಂತೆ ಎಂಬ ಆತಂಕ ಸುಳ್ಳಲ್ಲ. ದತ್ತಾಂಶದ ಒಳರಚನೆ, ಸರ್ವರಿನ ವಿವರ ಪರದೆಗೆ ಬರಲೇಬಾರದು. ಆದರೆ ಯಾರು ಬೇಕಾದರೂ ನೋಡಬಹುದಾದ ಪಹಣಿಯ ವಿಷಯದಲ್ಲಿ ‘ಹಿಸ್ಸಾ 2 ಈಗ ಇಲ್ಲ, ಪೋಡಿಯಾಗಿ 5 ಮತ್ತು 6 ಆಗಿದೆ’ ಎಂದರೆ ಯಾವ ಗುಟ್ಟೂ ಒಡೆಯುವುದಿಲ್ಲ. ಬ್ಯಾಂಕ್ ಖಾತೆ, ಆಧಾರ್ ಸೇರುವ ಅರ್ಜಿಗಳು ಬೇರೆ ಮಾತು. ಅಲ್ಲಿ ಹತ್ತಿರದ ಹೆಸರು ತೋರಿಸಿದರೆ ಮತ್ತೊಬ್ಬರ ಖಾಸಗಿ ವಿವರ ಬಯಲಾದೀತು. ಅಂಥ ಕಡೆ ಹೆಸರು ಹೊಂದಲಿಲ್ಲವೋ, ಖಾತೆ ಜೋಡಣೆಯಾಗಿಲ್ಲವೋ ಎಂದಷ್ಟನ್ನು ಅರ್ಜಿದಾರನಿಗೆ ತಿಳಿಸಿದರೆ ಸಾಕು. ಯಂತ್ರದ ಊಹೆ ತಪ್ಪಿದರೆ? ಅದು ಕೇಳಲಿ, ತೀರ್ಮಾನಿಸದಿರಲಿ. ಜೊತೆಗೆ ಪ್ರತಿ ದೋಷಕ್ಕೂ ಒಂದು ಸಂಖ್ಯೆ ಇದ್ದರೆ, ರೈತ ಅದನ್ನು ಫೋನಿನಲ್ಲಿ ಓದಿ ಹೇಳುತ್ತಾನೆ; ನಾಡಕಚೇರಿಯ ಸಿಬ್ಬಂದಿ ಅಷ್ಟರಿಂದಲೇ ಬರಬೇಕೋ ಬೇಡವೋ, ಬಂದರೆ ಯಾವ ಕಾಗದ ತರಬೇಕು ಎಂದು ತಿಳಿಸಬಲ್ಲರು.