ಎದ್ದು ಹೊರಟ ಸಂತ ಜೋಸೆಫರು

ಮಗನಿಗೆ ಕೊಲ್ಲಿ ರಾಷ್ಟ್ರದಲ್ಲಿ ಉದ್ಯೋಗ, ಮಗಳ ವಿವಾಹ, ನಿವೃತ್ತಿ, ಸಂಸಾರಕ್ಕೆ ಆಸರೆಯಾಗಿದ್ದವರ ಅಗಲಿಕೆ: ಇಂತಹ ತಿರುವುಗಳು ಬಾರದ ಕುಟುಂಬವಿಲ್ಲ. ಆಗ ನಾವು ಮೊಣಕಾಲೂರಿ ಬೇಡುವುದು, ಮುಂದೇನಾಗುವುದೆಂದು ದೇವರು ತಿಳಿಸಲಿ ಎಂದು.

ಸಂತ ಜೋಸೆಫರಿಗೂ ಅದು ತಿಳಿದಿರಲಿಲ್ಲ. ಹೆರೋದನು ಮಗುವನ್ನು ಕೊಲ್ಲಲಿದ್ದಾನೆ, ಈಜಿಪ್ಟಿಗೆ ಹೋಗಿ ಮುಂದಿನ ಅಪ್ಪಣೆಯವರೆಗೆ ಅಲ್ಲಿಯೇ ಇರು. ಮತ್ತಾಯನ ಶುಭಸಂದೇಶದ ಪ್ರಕಾರ ಕನಸಿನಲ್ಲಿ ದೊರೆತದ್ದು ಇಷ್ಟೇ. ಎಷ್ಟು ಕಾಲ, ಯಾರ ಆಶ್ರಯ, ಯಾವ ದುಡಿಮೆ ಎಂಬುದಕ್ಕೆ ಉತ್ತರವಿರಲಿಲ್ಲ. ಆದರೂ ಅವರು ರಾತ್ರಿಯೇ ಎದ್ದು ತಾಯಿ ಮಗುವಿನೊಂದಿಗೆ ಹೊರಟರು. ಶುಭಸಂದೇಶಗಳಲ್ಲಿ ಅವರಾಡಿದ ಒಂದು ಮಾತೂ ಇಲ್ಲ. ಮಾಡಿದ ಕಾರ್ಯ ಮಾತ್ರ ಇದೆ.

ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸರು 2015ರ ಜನವರಿ 16ರಂದು ಮನಿಲಾದಲ್ಲಿ ಕುಟುಂಬಗಳನ್ನುದ್ದೇಶಿಸಿ ಮಾತನಾಡುತ್ತ, ತಮ್ಮ ಮೇಜಿನ ಮೇಲೆ ನಿದ್ರಿಸುತ್ತಿರುವ ಸಂತ ಜೋಸೆಫರ ಪ್ರತಿಮೆಯಿದೆಯೆಂದೂ, ಸಮಸ್ಯೆ ಎದುರಾದಾಗ ಚೀಟಿಯಲ್ಲಿ ಬರೆದು ಅದರಡಿ ಇಡುವುದಾಗಿಯೂ ತಿಳಿಸಿದ್ದರು. ಆದರೆ ದೇವರಲ್ಲಿ ವಿಶ್ರಮಿಸಿದ ಮೇಲೆ ಜೋಸೆಫರಂತೆ ಎದ್ದು ಕಾರ್ಯಪ್ರವೃತ್ತರಾಗಬೇಕೆಂಬುದನ್ನೂ ಒತ್ತಿ ಹೇಳಿದ್ದರು.

ನಾವು ಎಡವುವುದು ಇಲ್ಲಿಯೇ. ಕೆಲವರು ಚೀಟಿಯಿಟ್ಟು ಏಳುವುದನ್ನೇ ಮರೆಯುತ್ತೇವೆ. ನೊವೇನಾ ಮುಗಿದರೂ ಮನೆಯವರೊಡನೆ ಮನಬಿಚ್ಚಿ ಮಾತನಾಡುವುದಿಲ್ಲ. ಕೆಲವರು ಪ್ರಾರ್ಥಿಸದೆಯೇ ಓಡಿ ದಣಿಯುತ್ತೇವೆ. ವಿಶ್ವಾಸವೆಂದರೆ ಭವಿಷ್ಯವನ್ನು ಮೊದಲೇ ಅರಿಯುವುದಲ್ಲ. ಅರಿಯದಿದ್ದರೂ ಇಂದಿನ ಕರ್ತವ್ಯವನ್ನು ದೇವರ ಮೇಲೆ ಭರವಸೆಯಿಟ್ಟು ನೆರವೇರಿಸುವುದು.

ಇಂದು ರಾತ್ರಿ ಜಪಸರದ ಬಳಿಕ ಕೂಡಲೇ ಏಳದಿರೋಣ. ಮನೆಯವರೆಲ್ಲರೂ ತುಸು ಹೊತ್ತು ಕುಳಿತು, ನಾಳೆ ಇಡಬೇಕಾದ ಒಂದು ಹೆಜ್ಜೆಯನ್ನು ನಿಶ್ಚಯಿಸೋಣ. ಅದರ ಮುಂದಿನದನ್ನು ದೇವರು ತಮ್ಮ ಕಾಲದಲ್ಲಿ ತೋರಿಸುವರು.